ಕಿವಿಗಾಗಿ ಮೂಗು ಹಿಡಿದವರು

ನಗರಸಭೆಯ ಆರೋಗ್ಯ ವಿಭಾಗದಲ್ಲಿ ಕಣ್ಣಿನಿಂದ ಕೆಲಸ ಮಾಡುವವರು ಬಹಳ ಮಂದಿ ಇದ್ದರು, ಬಾಯಿಂದ ಕೆಲಸ ಮಾಡುವವರು ಅದಕ್ಕಿಂತ ಹೆಚ್ಚು ಇದ್ದರು. ಮೂಗಿನಿಂದ ಕೆಲಸ ಮಾಡುವವರು ಮಾತ್ರ ಒಬ್ಬರೇ. ಎಲ್ಲಿ ಚರಂಡಿ ನಾರಿದರೂ, ಯಾವ ಗೋದಾಮಿನಲ್ಲಿ ಏನು ಕೊಳೆತರೂ ಮೊದಲು ಇವರನ್ನು ಕಳಿಸುತ್ತಿದ್ದರು. ಇವರು ಹೋಗಿ, ನಿಂತು, ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದು "ಇಲ್ಲಿ" ಅನ್ನುತ್ತಿದ್ದರು. ಅಗೆದರೆ ಅಲ್ಲೇ ಇರುತ್ತಿತ್ತು. ಹಾಗಾಗಿ ಊರೆಲ್ಲ ಅವರನ್ನು ಮೂಗು ಸಾಹೇಬರು ಎಂದು ಕರೆಯುತ್ತಿತ್ತು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ ಮೂಗು.

ಇಂಥ ಮೂಗಿಗೆ ನೆಗಡಿ ಬಂತು.

ನೆಗಡಿ ಎಲ್ಲರಿಗೂ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದು ನೀವು ಹೇಳಬಹುದು. ಆದರೆ ಸಾಹೇಬರಿಗಿಂತ ಮುಂಚೆ ಆ ಕೆಲಸದಲ್ಲಿದ್ದವರಿಗೆ ಒಮ್ಮೆ ವಾಸನೆ ತಿಳಿಯದೆ ಹೋಗಿ, ಅವರನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಹಾಕಿದ್ದರು. ಅಲ್ಲಿಂದ ಅವರು ನಿವೃತ್ತಿಯಾಗಿ ಹೊರಗೆ ಬಂದಾಗ ಬಿಸಿಲು ನೋಡಿ ಕಣ್ಣು ಮುಚ್ಚಿಕೊಂಡರಂತೆ. ಅದಕ್ಕೇ ಸಾಹೇಬರು ನೆಗಡಿಯ ವಿಷಯ ಯಾರಿಗೂ ಬಾಯಿಬಿಡಲಿಲ್ಲ. ಜೊತೆಗೆ ಬರುತ್ತಿದ್ದ ಅಟೆಂಡರನ್ನು ಮುಂದೆ ನಿಲ್ಲಿಸಿ, ಅವನ ಮುಖ ಎಷ್ಟು ಸೊಟ್ಟಗಾಗುತ್ತದೆ ನೋಡಿಕೊಂಡು ವರದಿ ಬರೆದರು. ವರದಿ ಸರಿಯಾಗಿಯೇ ಇತ್ತು. ಆದರೂ ಸಹಿ ಹಾಕುವ ಮುಂಚೆ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು.

ಹೀಗೆ ಹೇಗೋ ನಡೆಯುತ್ತಿರುವಾಗ ನೆಗಡಿ ಮೂಗಿನಿಂದ ಮೇಲಕ್ಕೆ ಹತ್ತಿ ಕಿವಿಗಳನ್ನೂ ಕಟ್ಟಿ ಹಾಕಿತು. ಲೋಕವೆಲ್ಲ ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗಾಯಿತು. ತಮ್ಮ ಎಂಜಲು ತಾವು ನುಂಗಿದ ಸದ್ದು ಮಾತ್ರ ಬಾವಿಗೆ ಕೊಡ ಬಿದ್ದ ಹಾಗೆ ಕೇಳಿಸುತ್ತಿತ್ತು. ಮೂಗಾದರೆ ಮುಚ್ಚಿಡಬಹುದು, ಕಿವಿ ಮುಚ್ಚಿಡುವುದು ಹೇಗೆ? ಬೆಳಗ್ಗೆ ಕಚೇರಿಗೆ ಹೋಗುವ ಮುಂಚೆ ಸಾಹೇಬರು ಕಿವಿ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ದೀಪ ಹಾಕಿ ಎರಡೂ ಕಿವಿ ನೋಡಿ, ಗಟ್ಟಿಯಾಗಿ ಕೂಗಿ ಹೇಳಿದರು: "ಏನೂ ಗಾಬರಿ ಇಲ್ಲ. ಮೂಗಿನ ಹಿಂದುಗಡೆಯಿಂದ ಕಿವಿಗೆ ಒಂದು ಸಣ್ಣ ನಾಳ ಇದೆ. ನೆಗಡಿಗೆ ಊದಿಕೊಂಡು ಮುಚ್ಚಿದೆ, ಅಷ್ಟೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಜೋರಾಗಿ ಬೇಡ. ಆಮೇಲೆ ಎಂಜಲು ನುಂಗಿ. ಆಗಾಗ ಮಾಡ್ತಾ ಇರಿ, ಬಿಟ್ಕೊಳ್ಳುತ್ತೆ."

"ಆಗಾಗ ಅಂದ್ರೆ?"

"ಆಗಾಗ ಅಂದ್ರೆ ಆಗಾಗ."

ಬೇರೆಯವರಾಗಿದ್ದರೆ ತಲೆಯಾಡಿಸಿ ಎದ್ದು ಬರುತ್ತಿದ್ದರು. ಸಾಹೇಬರಿಗೆ ಮಾತ್ರ ಕಳವಳ ಶುರುವಾಯಿತು. ಕಡಿಮೆ ಮಾಡಿದರೆ ಗುಣವಾಗದಿರಬಹುದು, ಹೆಚ್ಚು ಮಾಡಿದರೆ ಪರದೆ ಹರಿಯಬಹುದು. ಬೀದಿಗೆ ಬಂದು ನಿಂತು ಯೋಚಿಸಿದಾಗ ಸಾಲಾಗಿ ನಿಂತ ದೀಪದ ಕಂಬಗಳು ಕಣ್ಣಿಗೆ ಬಿದ್ದವು. ಇವೇ ಸರಿ, ಕಂಬಕ್ಕೊಂದು ಸಲ ಎಂದು ತೀರ್ಮಾನಿಸಿದರು. ಎಷ್ಟೋ ಹೊತ್ತಿನ ಮೇಲೆ ಮನಸ್ಸು ಹಗುರವಾಯಿತು.

ಆ ಕಂಬಗಳನ್ನು ಯಾರು ನೆಟ್ಟಿದ್ದರೋ, ಒಂದೊಂದನ್ನೂ ಒಂದೊಂದು ಅಂಗಡಿಯ ಬಾಗಿಲಿಗೇ ನೆಟ್ಟಿದ್ದರು.

ಮೊದಲನೆಯದು ದರ್ಜಿಯ ಅಂಗಡಿ ಮುಂದೆ. ಸಾಹೇಬರು ನಿಂತರು. ಮೂಗು ಹಿಡಿದರು. ಕೆನ್ನೆ ಉಬ್ಬಿಸಿದರು. ಎಂಜಲು ನುಂಗಿ ಮುಂದೆ ನಡೆದರು. ಒಳಗೆ ಗುಂಡಿ ಹಾಕುತ್ತಿದ್ದ ದರ್ಜಿಯ ಸೂಜಿ ಬೆರಳಿಗೆ ಚುಚ್ಚಿತು.

"ಲೇ ನೋಡೇ, ಮೂಗು ಸಾಹೇಬ್ರು ನಮ್ಮಂಗಡಿ ಮುಂದೆ ಮೂಗು ಹಿಡ್ಕೊಂಡ್ರು!" ಎಂದು ಹೆಂಡತಿಗೆ ಕೂಗಿದ.

"ನಾನು ಬಾಯಿ ಬಡ್ಕೊಂಡೆ, ಆ ಮೂಲೇಲಿರೋ ಹಳೇ ಬಟ್ಟೆ ಗಂಟು ಎಸೀರಿ ಅಂತ" ಎಂದು ಅವಳು ಗಂಟಿನ ಸಮೇತ ಹೊರಗೆ ಬಂದಳು.

ಎರಡನೆಯ ಕಂಬ ಕ್ಷೌರದಂಗಡಿಯದು. ಅಲ್ಲಿಯೂ ಸಾಹೇಬರು ಕರ್ತವ್ಯ ತಪ್ಪಿಸಲಿಲ್ಲ. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಕುರ್ಚಿಯಲ್ಲಿ ಬಿಟ್ಟು ಕ್ಷೌರಿಕ ಟವೆಲುಗಳನ್ನೆಲ್ಲ ಬಕೆಟ್ಟಿಗೆ ಅದ್ದಿದ. ಮೂರನೆಯದು ಇಸ್ತ್ರಿ ಅಂಗಡಿಯ ಮುಂದೆ. ಇಸ್ತ್ರಿಯವನು ತನ್ನ ಅಂಗಿಯನ್ನೇ ಮೂಸಿ ನೋಡಿಕೊಂಡು, ಮುಖ ಸಪ್ಪಗೆ ಮಾಡಿ, ಒಳಗೆ ಹೋಗಿ ಗಿರಾಕಿಯ ಅಂಗಿ ಹಾಕಿಕೊಂಡು ಬಂದ. ಇದ್ಯಾವುದೂ ಸಾಹೇಬರಿಗೆ ಕೇಳಿಸಲಿಲ್ಲ. ಬೆನ್ನ ಹಿಂದೆ ಪೊರಕೆ, ನೀರು, ಬಕೆಟ್ಟು, ಬೈಗುಳ ಎಲ್ಲ ಏಕಕಾಲಕ್ಕೆ ಎದ್ದಿದ್ದರೂ ಅವರ ಪಾಲಿಗೆ ಬೀದಿ ಪ್ರಶಾಂತವಾಗಿತ್ತು.

ನಾಲ್ಕನೆಯ ಕಂಬ ಬೇಕರಿಯ ಎದುರಿಗಿತ್ತು.

ಈ ಬೇಕರಿ ಸಾಹೇಬರ ಭಾಮೈದನದು, ಎಂದರೆ ಅವರ ಹೆಂಡತಿಯ ತಮ್ಮನದು. ಅವತ್ತೇ ಬಾಗಿಲು ತೆರೆದಿತ್ತು. ಅಷ್ಟು ವರ್ಷ ಬೇರೆಯವರ ಒಲೆಯ ಮುಂದೆ ಬೆಂದವನು ಈಗ ಸ್ವಂತ ಒಲೆ ಹೊತ್ತಿಸಿದ್ದ. ಮಳಿಗೆ ಮಾಲೀಕನ ಷರತ್ತು ಮಾತ್ರ ಕತ್ತಿಯ ಹಾಗೆ ನೆತ್ತಿಯ ಮೇಲೆ ತೂಗುತ್ತಿತ್ತು: ವಾಸನೆಯೆಂದು ನಗರಸಭೆಗೆ ಒಂದು ದೂರು ಹೋದರೂ ಅದೇ ದಿನ ಬೀಗದ ಕೈ ವಾಪಸ್ಸು ಕೊಡಬೇಕು. ಆ ಮಳಿಗೆಗೆ ಮಾಲೀಕನ ಷಡ್ಡಕ ಆಗಲೇ ಕಣ್ಣು ಹಾಕಿದ್ದ. ಇದನ್ನೆಲ್ಲ ಕೇಳಿ ಸಾಹೇಬರು ಆಗಲೇ, "ಈ ಜಾಗ ಬೇಡ, ಇನ್ನೊಂದು ನೋಡು" ಎಂದಿದ್ದರು. ಅಳುಕಿನಿಂದ ಹೇಳಿದ ಮಾತು. ಭಾಮೈದ ಅದನ್ನು ಹೊಟ್ಟೆಕಿಚ್ಚು ಎಂದು ತಿಳಿದುಕೊಂಡಿದ್ದ.

ಸಾಹೇಬರ ಹೆಂಡತಿ ಬೆಳಗ್ಗೆಯೇ ಬಂದು ತಮ್ಮನ ಜೊತೆ ಗಲ್ಲಾದ ಹಿಂದೆ ನಿಂತಿದ್ದರು. ಒಳಗೆ ಜನ ತುಂಬಿದ್ದರು. ಸಾಹೇಬರು ನೇರವಾಗಿ ಒಳಗೇ ಹೋಗುತ್ತಿದ್ದರು. ಆದರೆ ಯಾರೋ ಏನೋ ಕೇಳಿ, ತಾವೇನೋ ಹೇಳಿ, ಶುಭ ದಿನ ಎಡವಟ್ಟಾಗುವುದು ಬೇಡ, ಕಿವಿ ಬಿಟ್ಟುಕೊಂಡ ಮೇಲೆ ಹೋದರಾಯಿತು ಎಂದು ಒಳ್ಳೆಯ ಮನಸ್ಸಿನಿಂದಲೇ ಕಂಬದ ಕೆಳಗೆ ನಿಂತರು. ಮೂಗು ಹಿಡಿದು ಊದಿದರು. ಬಲಗಿವಿಯೊಳಗೆ ಏನೋ ಚಿಟಿಕೆ ಹೊಡೆದ ಹಾಗಾಯಿತು. ಬಂತು, ಇನ್ನೇನು ಬಂತು! ಮತ್ತೆ ಮೂಗು ಹಿಡಿದರು. ಕಣ್ಣು ಮುಚ್ಚಿದರು. ಕತ್ತು ಓರೆ ಮಾಡಿದರು. ಮುಖವೆಲ್ಲ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಕಿವಿ ಬಿಡಲಿಲ್ಲ. ಸಾಹೇಬರು ಬೇಕರಿಯ ಕಡೆ ಒಮ್ಮೆ ನೋಡಿ, ದುಃಖದಿಂದ ತಲೆ ಅಲ್ಲಾಡಿಸಿ, ಕಚೇರಿಯ ದಾರಿ ಹಿಡಿದರು.

ಬೇಕರಿಯೊಳಗಿದ್ದವರು ಇಷ್ಟನ್ನೂ ಗಾಜಿನ ಬಾಗಿಲ ಮೂಲಕ ನೋಡಿದರು. ಬಾಯಿಗೆ ಹೋಗುತ್ತಿದ್ದ ಕೇಕು ಕೈಯಲ್ಲೇ ನಿಂತಿತು.

ಮೂಗು ಸಾಹೇಬರು ಕಚೇರಿ ಮುಟ್ಟಿ ಕುರ್ಚಿಯಲ್ಲಿ ಕುಳಿತು, ಮೇಜಿನ ಕಾಲನ್ನು ಕಂಬವೆಂದು ಭಾವಿಸಿ ಇನ್ನೊಮ್ಮೆ ಊದಿದರೋ ಇಲ್ಲವೋ, ಅಟೆಂಡರ್ ಓಡಿ ಬಂದು ಅವರ ಕಿವಿಗೇ ಬಾಯಿಟ್ಟು ಕೂಗಿದ:

"ಸಾರ್! ಫೋನಿನ ಮೇಲೆ ಫೋನು! ನಿಮ್ಮ ಭಾಮೈದನ ಬೇಕರೀಲಿ ಕೆಟ್ಟ ವಾಸನೆಯಂತೆ!"

"ಯಾರು ಹೇಳಿದ್ದು?"

"ಎಲ್ಲರೂ! ಒಬ್ರು ಸುಟ್ಟ ರಬ್ಬರ್ ಅಂತಾರೆ, ಒಬ್ರು ಸತ್ತ ಇಲಿ ಅಂತಾರೆ. ಒಬ್ಬಮ್ಮ ತಮ್ಮ ಯಜಮಾನ್ರ ಕಾಲುಚೀಲದ ವಾಸನೆ ಅಂತ ಆಣೆ ಮಾಡಿ ಹೇಳಿದ್ರು. ಆರೋಗ್ಯಾಧಿಕಾರಿ ಮೇಡಂಗೂ ಯಾರೋ ಫೋನ್ ಮಾಡಿದಾರೆ. ಪ್ರವಾಸದಿಂದ ಬರ್ತಿದಾರಲ್ಲ, ಸೀದಾ ಅಲ್ಲಿಗೇ ಬರ್ತಾರಂತೆ!"

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಅವರ ಯೋಚನೆ ಹೀಗೆ ಹೋಯಿತು: ನಾನು ಇಷ್ಟು ಹೊತ್ತು ಆ ಬಾಗಿಲ ಎದುರಿಗೇ ನಿಂತಿದ್ದೆ. ಅಷ್ಟು ಜನಕ್ಕೆ ಬಡಿದ ವಾಸನೆ ನನಗೆ ಬಡಿಯಲಿಲ್ಲ. ಅಂದರೆ ವಾಸನೆ ನಿಜವಾಗಿಯೂ ಇದೆ, ಇಲ್ಲದಿರುವುದು ನನ್ನ ಮೂಗು. ಹಾಳಾದ ನೆಗಡಿ! ಸ್ವಂತ ಭಾಮೈದನ ಅಂಗಡಿಯಲ್ಲಿ ಇಲಿ ಸತ್ತು ಬಿದ್ದಿದ್ದರೂ ತಿಳಿಯದ ಮೇಲೆ ನಾನೆಂಥ ಮೂಗು!

ವಾಸನೆ ಹುಟ್ಟಿದ್ದು ತಮ್ಮ ಎರಡು ಬೆರಳುಗಳಿಂದ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಅವರು ಏದುಸಿರು ಬಿಡುತ್ತ ಬೇಕರಿ ಮುಟ್ಟಿದಾಗ ಬೀದಿ ತುಂಬ ಜನ. ದರ್ಜಿ, ಕ್ಷೌರಿಕ, ಅರ್ಧ ಗಡ್ಡದ ಗಿರಾಕಿ, ಇನ್ನೊಬ್ಬರ ಅಂಗಿಯಲ್ಲಿ ಇಸ್ತ್ರಿಯವನು, ಎಲ್ಲರೂ ಇದ್ದರು. ತಮ್ಮ ತಮ್ಮ ಅಂಗಡಿಗೂ ಮೂಗು ಹಿಡಿದದ್ದನ್ನು ಅವರು ಮರೆತಿದ್ದರು, ಅಥವಾ ಆ ವಾಸನೆಯೂ ಇಲ್ಲಿಂದಲೇ ಬಂದದ್ದು ಎಂದು ಸಮಾಧಾನ ಮಾಡಿಕೊಂಡಿದ್ದರು. ಬಾಗಿಲಲ್ಲಿ ಮಳಿಗೆ ಮಾಲೀಕ ಅಂಗೈ ಚಾಚಿಕೊಂಡು ನಿಂತಿದ್ದ. ಅವನ ಎದುರು ಭಾಮೈದ, ಹಿಟ್ಟು ಮೆತ್ತಿದ ಕೈಯಲ್ಲಿ ಬೀಗದ ಕೈ ಬಿಗಿಹಿಡಿದುಕೊಂಡು ನಿಂತಿದ್ದ.

ಸಾಹೇಬರನ್ನು ಕಂಡದ್ದೇ ಭಾಮೈದ ಸಿಡಿದ. "ಬಂದ್ರಲ್ಲ! ಬನ್ನಿ ಭಾವ, ಬನ್ನಿ! ಕಣ್ಣು ತಂಪಾಯ್ತಾ? ಬೇಡ ಬೇಡ ಅಂದ್ರಿ. ನಾನು ಕೇಳ್ಲಿಲ್ಲ. ಅದಕ್ಕೆ ಬೀದೀಲಿ ನಿಂತು ಮೂಗು ಹಿಡ್ಕೊಂಡ್ರಾ?"

ಇಷ್ಟು ಜೋರಾಗಿ ಕೂಗಿದ್ದು ಕಟ್ಟಿದ ಕಿವಿಗೂ ಕೇಳಿಸಿತು. ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಎರಡು ಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು. ಈಗ ಹೊಳೆಯಿತು.

"ಅಯ್ಯೋ, ಅದು ಕಿವಿಗೆ ಕಣೋ!"

"ಏನು ಕಿವಿಗೆ?"

"ಮೂಗು ಹಿಡ್ಕೊಂಡಿದ್ದು. ಕಿವಿ ಕಟ್ಟಿತ್ತು, ಅದಕ್ಕೆ."

ಮೊದಲು ದರ್ಜಿ ನಕ್ಕ. ಕ್ಷೌರಿಕ ನಕ್ಕ. ಅರ್ಧ ಗಡ್ಡದವನು ಗಡ್ಡವಿಲ್ಲದ ಕಡೆಯಿಂದ ನಕ್ಕ. ಸಾಹೇಬರ ಹೆಂಡತಿ ಮಾತ್ರ ನಗಲಿಲ್ಲ. ಗಲ್ಲಾದ ಹಿಂದಿನಿಂದ ಹೊರಗೆ ಬಂದು ಗಟ್ಟಿಯಾಗಿಯೇ ಕೇಳಿದರು.

"ಕಿವಿ ಕಟ್ಟಿದೆ ಅಂತ ಮೂಗು ಹಿಡ್ಕೊಂಡ್ರಾ? ನಾಳೆ ಹಲ್ಲು ನೋವು ಅಂತ ಮೊಣಕಾಲು ಹಿಡ್ಕೊಳ್ತೀರಾ? ಸುಳ್ಳು ಹೇಳೋದಾದ್ರೆ ಸ್ವಲ್ಪ ಹೊಂದೋ ಹಾಗೆ ಹೇಳ್ರೀ. ನನಗಾದ್ರೂ ನಾಲ್ಕು ಜನರ ಮುಂದೆ ತಲೆ ಎತ್ತೋದಕ್ಕಾಗ್ಲಿ."

"ಡಾಕ್ಟರೇ ಹೇಳಿದ್ದು ಕಣೇ! ಒಳಗೊಂದು ನಾಳ ಇದೆಯಂತೆ. ಇಲ್ಲಿಂದ ಊದಿದ್ರೆ ಅಲ್ಲಿಗೆ ಹೋಗುತ್ತಂತೆ."

"ಯಾರಿಗೆ ಪುಂಗಿ ಊದ್ತಿದೀರಿ!" ಎಂದು ಗುಡುಗಿದ ಮಾಲೀಕ. "ಸಾಹೇಬ್ರೇ, ಕಿವಿ ಮೂಗು ನಾಳ ಗೀಳ ಎಲ್ಲ ನನಗ್ಯಾಕೆ? ಒಂದೇ ಮಾತು. ನೀವು ಊರಿಗೆಲ್ಲ ಮೂಗು. ಈ ಜನರ ಮುಂದೆ ಹೇಳಿಬಿಡಿ. ಇಲ್ಲಿ ಕೆಟ್ಟ ವಾಸನೆ ಇದೆಯೋ ಇಲ್ಲವೋ? ಇಲ್ಲ ಅಂದ್ರೆ ಬಂದ ದೂರೆಲ್ಲ ಸುಳ್ಳು, ನಾನು ಮನೆಗೆ ಹೋಗ್ತೀನಿ."

ಭಾಮೈದನ ಮುಖ ಮೊದಲ ಬಾರಿಗೆ ಸ್ವಲ್ಪ ಮೆತ್ತಗಾಯಿತು. "ಹೇಳಿ ಭಾವ" ಎಂದ. ಹೆಂಡತಿ ಅವರ ತೋಳು ಹಿಡಿದು ಅಲ್ಲಾಡಿಸಿದರು. "ಇಲ್ಲ" ಎಂಬ ಎರಡಕ್ಷರ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು.

ಸಾಹೇಬರು ಬಾಯಿ ತೆರೆದರು. ಇಲ್ಲ ಎನ್ನಲು ಮೂಸಿ ನೋಡಿರಬೇಕು. ಮೂಸಲು ಮೂಗಿಲ್ಲ. ಒಂದು ವೇಳೆ ಒಳಗೆ ನಿಜವಾಗಿಯೂ ಏನಾದರೂ ಕೊಳೆತಿದ್ದು, ಯಾರಾದರೂ ತಿಂದು ಮಲಗಿಬಿಟ್ಟರೆ? ಸುತ್ತ ಅಟೆಂಡರಿಗಾಗಿ ನೋಡಿದರು. ಅವನ ಮುಖವನ್ನಾದರೂ ಓದಬಹುದಿತ್ತು. ಅವನು ಕಚೇರಿಯಲ್ಲಿ ಫೋನು ಹಿಡಿದು ಕೂತಿದ್ದ.

"ನನಗೆ... ಗೊತ್ತಿಲ್ಲ" ಎಂದರು ಸಾಹೇಬರು.

"ಗೊತ್ತಿಲ್ಲ!" ಎಂದು ಬೀದಿಗೆ ಬೀದಿಯೇ ಉಸಿರೆಳೆದುಕೊಂಡಿತು. ಮೂಗು ಸಾಹೇಬರಿಗೇ ಹೆಸರಿಡಲಾಗದಂಥ ವಾಸನೆ ಎಂದರೆ ಅದೆಂಥ ವಾಸನೆ! ಮುಂದಿದ್ದವರು ಹಿಂದೆ ಸರಿದರು. ಅರ್ಧ ಗಡ್ಡದವನು ಓಡಿಯೇ ಹೋದ. ಭಾಮೈದ ಬೀಗದ ಕೈಯನ್ನು ಅಂಗಿಗೆ ಒರೆಸಿ ಹಿಟ್ಟು ತೆಗೆದ. "ಇನ್ನು ಮೇಲೆ ಭಾವ ಅಂತ ಕರೆದ್ರೆ ಕೇಳಕ್ಕಾ" ಎಂದು ಅದನ್ನು ಮಾಲೀಕನ ಕಡೆ ಚಾಚಿದ.

ಆಗ ಆರೋಗ್ಯಾಧಿಕಾರಿ ಮೇಡಂ ಅವರ ಕಾರು ಬಂದು ನಿಂತಿತು.

ಮಾಲೀಕ ಚಾಚಿದ್ದ ಅಂಗೈಯನ್ನು ಹಾಗೇ ನಮಸ್ಕಾರ ಮಾಡಿಬಿಟ್ಟ. ಮೇಡಂ ಗಂಭೀರವಾದ ಹೆಂಗಸು. ಅವರು ನಕ್ಕದ್ದನ್ನು ಕಂಡವರು ಕಚೇರಿಯಲ್ಲಿ ಇರಲಿಲ್ಲ. ವಿಮಾನದ ಚೀಟಿ ಇನ್ನೂ ನೇತಾಡುತ್ತಿದ್ದ ಚೀಲವನ್ನು ಕಾರಿನಲ್ಲೇ ಬಿಟ್ಟು, ಜನ ಬಿಟ್ಟ ದಾರಿಯಲ್ಲಿ ಸೀದಾ ನಡೆದು ಬೇಕರಿಯ ಹೊಸ್ತಿಲ ಮೇಲೆ ನಿಂತರು. ಒಳಗೆ ನೋಡಿದರು. ಆಮೇಲೆ ನಿಧಾನವಾಗಿ ಕೈ ಎತ್ತಿ, ಮೂಗು ಹಿಡಿದುಕೊಂಡರು.

"ಮುಗೀತು!" ಎಂದ ದರ್ಜಿ.

"ಅಯ್ಯೋ ನನ್ನ ತಮ್ಮಾ!" ಎಂದರು ಸಾಹೇಬರ ಹೆಂಡತಿ. ಭಾಮೈದ ಅಲ್ಲೇ ಬಾಗಿಲ ಪಕ್ಕದಲ್ಲಿದ್ದ ಹಿಟ್ಟಿನ ಚೀಲದ ಮೇಲೆ ಕುಸಿದ. ಒಂದು ಸಣ್ಣ ಬಿಳಿ ಮೋಡ ಎದ್ದು ಅವನನ್ನು ಮುಚ್ಚಿತು.

ಇಡೀ ಬೀದಿಯಲ್ಲಿ ಒಬ್ಬರು ಮಾತ್ರ ಮೇಡಂ ಅವರ ಬೆರಳುಗಳನ್ನು ನೋಡುತ್ತಿರಲಿಲ್ಲ. ಸಾಹೇಬರು ನೋಡುತ್ತಿದ್ದದ್ದು ಕೆನ್ನೆಗಳನ್ನು. ಕೆನ್ನೆ ಉಬ್ಬಿತು. ದವಡೆ ಎಡಕ್ಕೆ ಸರಿಯಿತು. ಗಂಟಲು ಒಮ್ಮೆ ಇಳಿದು ಏರಿತು. ಎಂಜಲು ನುಂಗಿದ್ದು! ಆಮೇಲೆ ಆ ಗಂಭೀರ ಮುಖದ ಮೇಲೆ ಒಂದು ಸಣ್ಣ ನಿರಾಸೆ ಹಾದುಹೋಯಿತು. ಆ ನಿರಾಸೆಯನ್ನು ಸಾಹೇಬರು ಬೆಳಗ್ಗೆಯಿಂದ ಕಂಬಕಂಬಕ್ಕೂ ಅನುಭವಿಸಿದ್ದರು. ಮೇಲಧಿಕಾರಿಗೆ ತಾವಾಗಿ ಒಂದು ಪ್ರಶ್ನೆ ಕೇಳಿದವರಲ್ಲ ಅವರು. ಇವತ್ತು ಜನರನ್ನು ತಳ್ಳಿಕೊಂಡು ಮುಂದೆ ಹೋದರು.

"ಮೇಡಂ! ಎಡಗಿವಿಯೋ, ಬಲಗಿವಿಯೋ?"

"ಎಡ" ಎಂದರು ಮೇಡಂ. ಆಮೇಲೆ ಬೆಚ್ಚಿ ತಿರುಗಿದರು. "ನಿಮಗೆ ಹೇಗ್ರೀ ಗೊತ್ತಾಯ್ತು? ವಿಮಾನ ಇಳಿಯುವಾಗ ಕಟ್ಟಿದ್ದು, ಇನ್ನೂ ಬಿಟ್ಟಿಲ್ಲ."

"ನನಗೆ ಎರಡೂ ಮೇಡಂ! ದಯವಿಟ್ಟು ಇವರಿಗೆ ಹೇಳಿ ಮೇಡಂ! ಕಿವಿ ಕಟ್ಟಿದ್ರೆ ಮೂಗು ಹಿಡ್ಕೊಳ್ತಾರೋ ಇಲ್ಲವೋ ಹೇಳಿ ಮೇಡಂ!"

ಮೇಡಂ ಜನರ ಕಡೆ ತಿರುಗಿದರು. "ಇನ್ನೇನು ಹಿಡ್ಕೊಳ್ತಾರೆ?" ಎಂದರು.

ಬೀದಿಯಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ಮೌನ, ಸಾಹೇಬರಿಗೆ ಮತ್ತು ಮೇಡಂ ಅವರ ಎಡಗಿವಿಗೆ ಬಿಟ್ಟು. ಹಿಟ್ಟಿನ ಮೋಡದೊಳಗಿಂದ ಭಾಮೈದನ ತಲೆ ಮೇಲಕ್ಕೆ ಬಂತು.

"ಹಾಗಾದ್ರೆ ವಾಸನೆ?" ಎಂದ ಮಾಲೀಕ, ಇನ್ನೂ ಆಸೆ ಬಿಡದೆ. "ಸಾಹೇಬ್ರು ಗೊತ್ತಿಲ್ಲ ಅಂದ್ರಲ್ಲ?"

ಈಗ ಎಲ್ಲರೂ ಸಾಹೇಬರನ್ನು ನೋಡಿದರು. ನೆಲಮಾಳಿಗೆಯ ಕಡತದ ಕೋಣೆ ಅವರ ಕಣ್ಣ ಮುಂದೆ ಬಂದು ನಿಂತಿತು. ಹಿಟ್ಟಿನಲ್ಲಿ ಮುಳುಗಿದ ಭಾಮೈದನ ಮುಖವೂ ಬಂದು ನಿಂತಿತು. ಕೋಣೆಗಿಂತ ಮುಖ ಹತ್ತಿರವಿತ್ತು.

"ಮೇಡಂ, ನನಗೆ ನೆಗಡಿ. ಹೋದ ವಾರದಿಂದ ನನಗೆ ಯಾವ ವಾಸನೆಯೂ ಬರ್ತಿಲ್ಲ. ಅಟೆಂಡರ್ ಮೂಸ್ತಿದ್ದ, ನಾನು ಬರೀತಿದ್ದೆ. ದಯವಿಟ್ಟು ಇವತ್ತೊಂದಿನ ನೀವು ಮೂಸಿ."

ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೆಗಡಿಗೆ ರಜೆ ಹಾಕೋದು ಬಿಟ್ಟು ಅಟೆಂಡರ್ ಮೂಗಲ್ಲಿ ಕೆಲಸ ಮಾಡ್ತಿದ್ರಾ?" ಎಂದರು. ಆಮೇಲೆ ಬೇಕರಿಯೊಳಗೆ ಮುಖ ಹಾಕಿ ದೀರ್ಘವಾಗಿ ಉಸಿರೆಳೆದರು. ಒಮ್ಮೆ. ಇನ್ನೊಮ್ಮೆ. ಹುಬ್ಬು ಗಂಟಿಕ್ಕಿದರು.

"ಇದೆ. ವಾಸನೆ ಇದೆ."

ಮಾಲೀಕನ ಅಂಗೈ ತಾನಾಗಿ ಚಾಚಿಕೊಂಡಿತು.

"ಏನೋ ಸೀದು ಹೋಗ್ತಿದೆಯಲ್ರೀ!"

"ಅಯ್ಯೋ, ಬನ್ನು!" ಎಂದು ಕೂಗಿ ಭಾಮೈದ ಹಿಟ್ಟು ಉದುರಿಸುತ್ತ ಒಳಗೆ ಓಡಿದ. ಗಲಾಟೆಯಲ್ಲಿ ಒಲೆಯೊಳಗೆ ಮರೆತುಹೋಗಿದ್ದ ತಟ್ಟೆ ಹೊರಗೆ ಬಂತು. ತುದಿಯ ಸಾಲು ಕಪ್ಪು, ಉಳಿದದ್ದು ಚಿನ್ನದ ಬಣ್ಣ.

"ನೋಡಿದ್ರಾ ಮೇಡಂ? ವಾಸನೆ ಅಂತ ನೀವೇ ಅಂದ್ರಿ" ಎಂದ ಮಾಲೀಕ.

"ಇದು ನೀವೆಲ್ಲ ಸೇರಿ ಅವನನ್ನ ಬಾಗಿಲಲ್ಲಿ ನಿಲ್ಲಿಸಿದ ವಾಸನೆ. ಉಳಿದಿದ್ದು ಬೆಣ್ಣೆ ವಾಸನೆ. ಬೆಣ್ಣೆ ಮೇಲೆ ದೂರು ಇದ್ರೆ ಬರೆದು ಕೊಡಿ, ನೋಡ್ತೀನಿ" ಎಂದರು ಮೇಡಂ. ಮಾಲೀಕನ ಕೈ ಜೇಬಿನೊಳಗೆ ಹೋಯಿತು.

ಅಷ್ಟು ಹೇಳಿ ಮೇಡಂ, "ವಿಮಾನದಲ್ಲಿ ಪಕ್ಕದಲ್ಲಿದ್ದವರು, ಆಕಳಿಸಿದ್ರೂ ಕಿವಿ ಬಿಡುತ್ತೆ ಅಂದ್ರು. ಅಲ್ಲಿ ಅಷ್ಟು ಜನರ ಮುಂದೆ ಸಂಕೋಚ ಆಯ್ತು" ಎಂದರು. ಇಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು ಎಂಬುದನ್ನು ಯಾರೂ ಅವರಿಗೆ ನೆನಪಿಸಲಿಲ್ಲ. ಬಾಯಿ ತೆರೆದರು. ಅಧಿಕಾರಕ್ಕೆ ತಕ್ಕಂಥ ದೊಡ್ಡ ಆಕಳಿಕೆ. ಅದು ಮುಗಿಯುವ ಮುಂಚೆ ಮಾಲೀಕನಿಗೆ ಹತ್ತಿತು. ಅವನಿಂದ ದರ್ಜಿಗೆ, ದರ್ಜಿಯಿಂದ ಅವನ ಹೆಂಡತಿಗೆ, ಅಲ್ಲಿಂದ ಕ್ಷೌರಿಕನಿಗೆ, ಇಸ್ತ್ರಿಯವನಿಗೆ. ಬೀದಿಗೆ ಬೀದಿಯೇ ಬೇಕರಿಯ ಮುಂದೆ ಬಾಯಿ ತೆರೆದು ನಿಂತಿತು. ದಾರಿಯಲ್ಲಿ ಹೋಗುತ್ತಿದ್ದ ಬಸ್ಸೊಂದು ನಿಧಾನವಾಯಿತು. ಕಿಟಕಿಯಲ್ಲಿದ್ದವರೆಲ್ಲ ಆಕಳಿಸುತ್ತ ಮುಂದೆ ಹೋದರು.

"ಬಿಡ್ತು!" ಎಂದರು ಮೇಡಂ. ನಕ್ಕರು ಕೂಡ. ಕಂಡವರು ಈಗ ಬಹಳ ಮಂದಿ ಇದ್ದಾರೆ.

ಸಾಹೇಬರಿಗೆ ಆಕಳಿಕೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಅದೂ ಬೆಳಗ್ಗೆಯಿಂದ ಬಿಗಿದಿದ್ದ ಎದೆ ಸಡಿಲವಾದ ಮೇಲೆ, ತಾವಾಗಿ ಪ್ರಯತ್ನಪಡದೆ, ಹೊಟ್ಟೆಯ ಆಳದಿಂದ. ಎರಡೂ ಕಿವಿಯಲ್ಲಿ ಟಪ್ಪೆಂದಿತು. ಲೋಕ ಬಾಗಿಲು ತೆರೆದುಕೊಂಡು ಒಳಗೆ ಬಂತು: ಬಸ್ಸಿನ ಹಾರನ್, ಬಕೆಟ್ಟಿನಲ್ಲಿ ತೊಟ್ಟಿಕ್ಕುವ ಟವೆಲು, ತಣ್ಣಗಾಗುತ್ತಿರುವ ಬನ್ನಿನ ಮೇಲ್ಪದರ ಸಿಡಿಯುವ ಸಣ್ಣ ಸದ್ದು ಕೂಡ.

"ಬಾಯಿಗೆ ಕೈ ಅಡ್ಡ ಇಡ್ರೀ, ಹಲ್ಲೆಲ್ಲ ಕಾಣ್ತಿದೆ" ಎಂದರು ಪಕ್ಕದಲ್ಲಿ ಹೆಂಡತಿ, ಪಿಸುಮಾತಿನಲ್ಲಿ. ಸಾಹೇಬರು ಅಷ್ಟೊಂದು ಸಂತೋಷದಿಂದ ಹೆಂಡತಿಯ ಮಾತು ಕೇಳಿದ್ದೇ ಇಲ್ಲ.

ಮೇಡಂ ಒಂದು ಬನ್ನು ಕೊಂಡರು. ಅಧಿಕಾರಿ ತಿಂದದ್ದನ್ನು ನೋಡಿ ಬೀದಿಯೆಲ್ಲ ಸಾಲು ನಿಂತಿತು. ಇಲಿ ಎಂದವರು, ರಬ್ಬರ್ ಎಂದವರು, ಕಾಲುಚೀಲ ಎಂದ ಅಮ್ಮ ತಮ್ಮ ಯಜಮಾನರ ಸಮೇತ. ಸಾಹೇಬರು ಎಲ್ಲರನ್ನೂ ಮುಂದೆ ಬಿಟ್ಟು ಕಟ್ಟಕಡೆಗೆ, ಕಂಬದ ಹತ್ತಿರ ನಿಂತುಕೊಂಡರು. ಭಾಮೈದ ಅವರ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆ ಖಾಲಿಯಾಗುತ್ತಾ ಬಂತು.

ಸಾಲಿನಲ್ಲಿ ಇನ್ನೂ ಅಷ್ಟು ಜನರಿರುವಾಗ ಭಾಮೈದ ಅಕ್ಕನ ಕಡೆ ಬಾಗಿ, ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ ಪಿಸುಗುಟ್ಟಿದ: "ಭಾವಂಗೆ ಎರಡು ಎತ್ತಿಡಕ್ಕಾ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ."

ಅಷ್ಟು ಗದ್ದಲದಲ್ಲಿ, ಅಷ್ಟು ದೂರದಲ್ಲಿ, ಸಾಹೇಬರಿಗೆ ಅದರ ಒಂದಕ್ಷರವೂ ತಪ್ಪದೆ ಕೇಳಿಸಿತು. ಅವರು ತಕ್ಷಣ ಮುಖ ತಿರುಗಿಸಿ, ದೀಪದ ಕಂಬದ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ, ಏನೂ ಕೇಳಿಸದವರ ಹಾಗೆ ನಿಂತುಕೊಂಡರು.